ಇಂದಿರಾ ಸಿನಿಮಾ, ಗೇಣಿ ಗದ್ದೆ ಮತ್ತು ತಾಳಗುಂದದ ಕಂಬ

2025ರ ಜನವರಿ 17ರಂದು 'ಎಮರ್ಜೆನ್ಸಿ' ಎಂಬ ಹಿಂದಿ ಸಿನಿಮಾ ಬಿಡುಗಡೆಯಾಯಿತು. ಇಂದಿರಾ ಗಾಂಧಿಯವರ ಜೀವನದ ಕಥೆ. ನಿರ್ದೇಶನ ಮಾಡಿದ್ದು ಕಂಗನಾ ರಣಾವತ್, ಇಂದಿರಾ ಪಾತ್ರ ಮಾಡಿದ್ದೂ ಅವರೇ. ಆ ಹೊತ್ತಿಗೆ ಅವರು ಹಿಮಾಚಲ ಪ್ರದೇಶದ ಮಂಡಿ ಕ್ಷೇತ್ರದಿಂದ ಗೆದ್ದ ಬಿಜೆಪಿ ಸಂಸದೆ. ಥಿಯೇಟರಿನಲ್ಲಿ ಸಿನಿಮಾ ಹೆಚ್ಚು ದಿನ ಓಡಲಿಲ್ಲ. ಮಾರ್ಚ್ ತಿಂಗಳಲ್ಲಿ ಮೊಬೈಲಿಗೆ ಬಂತು.

ನಮ್ಮ ಹಳ್ಳಿಗಳಲ್ಲಿ ಪೂರ್ತಿ ಸಿನಿಮಾ ನೋಡಿದವರಿಗಿಂತ ವಾಟ್ಸಾಪಿನಲ್ಲಿ ಅದರ ತುಣುಕು ನೋಡಿದವರೇ ಜಾಸ್ತಿ ಇರಬಹುದು. ಆದರೆ ಇಂದಿರಾ ಹೆಸರು ಬಂದರೆ ಸಾಕು, ಶಿಕಾರಿಪುರ, ಸೊರಬದ ಕಡೆ ಹಿರಿಯರು ಎರಡು ಪಾಲಾಗುತ್ತಾರೆ. ಒಬ್ಬರು, ನಮ್ಮ ಗೇಣಿ ಗದ್ದೆ ನಮ್ಮ ಹೆಸರಿಗೆ ಆಗಿದ್ದೇ ಆಯಮ್ಮನ ಕಾಲದಲ್ಲಿ ಅಂತಾರೆ. ಪಕ್ಕದಲ್ಲೇ ಕೂತ ಇನ್ನೊಬ್ಬರು, ಬಾಯಿ ಬಿಟ್ಟವರನ್ನೆಲ್ಲ ಜೈಲಿಗೆ ಹಾಕಿದ್ದೂ ಆಯಮ್ಮನೇ ಅಂತಾರೆ. ಚಹಾ ಆರುವವರೆಗೂ ಮಾತು ನಡೆಯುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಸಿನಿಮಾ ಯಾರ ಕಥೆ ಹೇಳುತ್ತದೆ? ನಾವು ಅದನ್ನು ಹೇಗೆ ನೋಡಬೇಕು? ಈ ಪ್ರಶ್ನೆಗೆ ಹೋಗುವ ಮೊದಲು ತಾಳಗುಂದಕ್ಕೆ ಒಮ್ಮೆ ಹೋಗಿ ಬರೋಣ. ಆಳಿದವರ ಜೀವನಕಥೆಯನ್ನು ಹೇಗೆ ಬರೆಯುತ್ತಾರೆ, ಯಾರು ಬರೆಸುತ್ತಾರೆ ಅನ್ನುವುದಕ್ಕೆ ಅಲ್ಲಿ ಒಂದು ಹಳೆಯ ಸಾಕ್ಷಿ ನಿಂತಿದೆ.

ಕಲ್ಲಿನ ಮೇಲಿನ ಜೀವನಕಥೆ

ಶಿರಾಳಕೊಪ್ಪದ ಹತ್ತಿರದ ತಾಳಗುಂದ ಹಿಂದೆ ಸ್ಥಾನಕುಂದೂರು ಎಂಬ ಅಗ್ರಹಾರ. ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಅದರ ಮೇಲೆ ಸಂಸ್ಕೃತ ಪದ್ಯಗಳಲ್ಲಿ ಕದಂಬರ ಕಥೆ ಕೊರೆದಿದೆ. ಸುಮಾರು ಕ್ರಿ.ಶ. 450ರ ಆಸುಪಾಸಿನದು. ಬರೆದ ಕವಿಯ ಹೆಸರು ಕುಬ್ಜ. ಕದಂಬರ ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಅದನ್ನು ಬರೆಸಿದ್ದು ಅವನ ಮಗ ಶಾಂತಿವರ್ಮ.

ಆ ಕಂಬ ಹೇಳುವ ಮುಖ್ಯ ಕಥೆ ಮಯೂರಶರ್ಮನದು. ಮನೆಯ ಹತ್ತಿರ ಕದಂಬ ಮರ ಇದ್ದದ್ದರಿಂದ ಆ ಬ್ರಾಹ್ಮಣ ಮನೆತನಕ್ಕೆ ಕದಂಬ ಎಂಬ ಹೆಸರು ಬಂತಂತೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲಿಕ್ಕೆ ಪಲ್ಲವರ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಯಿತು. ಅವಮಾನ ತಡೆಯದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿದ. ಸುತ್ತಲಿನ ಬಾಣ ಅರಸರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ರಾಜಿ ಮಾಡಿಕೊಂಡು ಅವನಿಗೆ ನಾಡು ಬಿಟ್ಟುಕೊಟ್ಟರು.

ಇದನ್ನು ಓದುವಾಗ ಒಂದು ವಿಷಯ ಗಮನಿಸಬೇಕು. ಮಯೂರಶರ್ಮ ಬದುಕಿದ್ದು ನಾಲ್ಕನೆಯ ಶತಮಾನದಲ್ಲಿ. ಕಂಬ ನಿಂತದ್ದು ಅವನಾಗಿ ಸುಮಾರು ನೂರು ವರ್ಷದ ಮೇಲೆ. ನಡುವೆ ಕಂಗವರ್ಮ, ಭಗೀರಥ, ರಘು, ಕಾಕುಸ್ಥವರ್ಮ ಆಳಿದ್ದಾರೆ. ಅಂದರೆ ವಂಶದ ಮೂಲಪುರುಷನ ಕಥೆಯನ್ನು ಆ ವಂಶದವರೇ, ತಾವು ಚೆನ್ನಾಗಿ ಆಳುತ್ತಿದ್ದ ಕಾಲದಲ್ಲಿ, ತಮ್ಮ ಕವಿಯಿಂದ ಬರೆಸಿದ್ದಾರೆ. ಕಂಚಿಯ ಕುದುರೆ ಸವಾರ ಏನು ಹೇಳುತ್ತಿದ್ದನೋ, ಅದು ಕಂಬದಲ್ಲಿಲ್ಲ. ಕಾಡಿನಂಚಿನಲ್ಲಿ ಇವನ ದಂಡಿಗೆ ಕಾಳು ಕೊಟ್ಟವರು ಯಾರು, ಖುಷಿಯಿಂದ ಕೊಟ್ಟರೋ ಹೆದರಿ ಕೊಟ್ಟರೋ, ಅದೂ ಇಲ್ಲ.

ಹಾಗಂತ ಕಂಬ ಸುಳ್ಳು ಅಂತ ಯಾರೂ ಹೇಳುವುದಿಲ್ಲ. ಕದಂಬರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದೇ ಅದರಿಂದ. ಅದು ಒಂದು ಮನೆತನ ಹೇಳಿದ ಕಥೆ ಅಂತ ಗೊತ್ತಿಟ್ಟುಕೊಂಡು ಓದುತ್ತೇವೆ, ಅಷ್ಟೆ.

1975ರಲ್ಲಿ ಇದೇ ಕಥೆ ಸಿನಿಮಾ ಆಯಿತು. ದೇವುಡು ನರಸಿಂಹಶಾಸ್ತ್ರಿಗಳ 'ಮಯೂರ' ಕಾದಂಬರಿ ಇಟ್ಟುಕೊಂಡು ವಿಜಯ್ ನಿರ್ದೇಶಿಸಿದ 'ಮಯೂರ'. ನಾಯಕ ಡಾ. ರಾಜ್‌ಕುಮಾರ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಆಗಿನ್ನೂ ಎರಡು ವರ್ಷ. ನಮ್ಮದೇ ನಾಡಿನ ಮೊದಲ ಅರಸನ ಕಥೆ ಅಂತ ಜನ ಅದನ್ನು ಎದೆಗೆ ಹಚ್ಚಿಕೊಂಡರು. ಇವತ್ತಿಗೂ ಮಯೂರ ಅಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕಂಬ ಅಲ್ಲ, ರಾಜ್‌ಕುಮಾರ್.

ಆ ಸಿನಿಮಾದಲ್ಲಿ ಮಯೂರ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗ. ಆದರೆ ಅವನು ನಿಜವಾಗಿ ರಾಜಕುಮಾರ ಅಂತ ಆಮೇಲೆ ಗೊತ್ತಾಗುತ್ತದೆ. ತಾಳಗುಂದದ ಕಂಬದಲ್ಲಿ ಹಾಗಿಲ್ಲ. ಓದಲಿಕ್ಕೆ ಹೋದ ಬಡ ವಿದ್ಯಾರ್ಥಿ ರಾಜನಾದ ಅಂತಲೇ ಅಲ್ಲಿದೆ. ಆದರೂ ಸಿನಿಮಾ ನೋಡಿದವರು ಯಾರೂ ಕಂಬಕ್ಕೆ ಹೋಗಿ ತಾಳೆ ನೋಡಲಿಲ್ಲ, ನೋಡಬೇಕು ಅಂತ ಅನಿಸಲೂ ಇಲ್ಲ. ಸಾವಿರದ ಆರುನೂರು ವರ್ಷದ ಹಿಂದಿನ ಮಾತು. ಕಥೆ ಬದಲಾದರೆ ನಮ್ಮ ಗದ್ದೆಯ ಬದು ಆಚೀಚೆ ಆಗುವುದಿಲ್ಲ.

ಇಂದಿರಾ ಕಥೆ ಹಾಗಲ್ಲ. ಅದರಲ್ಲಿ ನಮ್ಮ ಪಹಣಿ ಇದೆ. ನಮ್ಮ ಜಿಲ್ಲೆಯವರ ಜೈಲುವಾಸ ಇದೆ. ಅದಕ್ಕೇ ಜಗಳ.

ಸಿನಿಮಾ ಸುತ್ತ ಎದ್ದ ಗದ್ದಲ

'ಎಮರ್ಜೆನ್ಸಿ' 2024ರ ಸೆಪ್ಟೆಂಬರ್ 6ಕ್ಕೇ ಬರಬೇಕಿತ್ತು. ಸಿಖ್ ಸಮುದಾಯವನ್ನು ಕೆಟ್ಟದಾಗಿ ತೋರಿಸಿದ್ದಾರೆ ಅಂತ ಸಿಖ್ ಸಂಘಟನೆಗಳು ಆಕ್ಷೇಪ ಎತ್ತಿದವು. ಸೆನ್ಸಾರ್ ಪತ್ರ ತಡವಾಯಿತು. ನಿರ್ಮಾಪಕರು ಬಾಂಬೆ ಹೈಕೋರ್ಟಿಗೆ ಹೋದರು. ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದು ನಾಲ್ಕು ತಿಂಗಳ ನಂತರ ಸಿನಿಮಾ ಹೊರಬಂತು. ಪಂಜಾಬಿನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ವಿರೋಧಿಸಿದ್ದರಿಂದ ಬಹಳ ಕಡೆ ಥಿಯೇಟರಿನವರು ಹಾಕಲೇ ಇಲ್ಲ. ಇಂಗ್ಲೆಂಡಿನಲ್ಲಿ ಕೆಲವು ಕಡೆ ಪ್ರದರ್ಶನದ ನಡುವೆಯೇ ಗಲಾಟೆ ಆಯಿತು.

ಒಬ್ಬ ನಾಯಕಿಯ ಮೇಲಿನ ಸಿನಿಮಾವನ್ನು ಅವರ ಎದುರು ಪಕ್ಷದ ಸಂಸದೆ ಮಾಡಿದಾಗ ಅನುಮಾನ ಬರುವುದು ಸಹಜ. ಹಾಗಂತ ಇಂದಿರಾ ಅವರನ್ನು ಬರೀ ಬೈದಿದ್ದಾರೆ ಅಂತಲೂ ಹೇಳಲಾಗದು. 1971ರ ಯುದ್ಧವೂ ಅದರಲ್ಲಿ ಇದೆ. ಮಗ ಸಂಜಯ್ ಗಾಂಧಿಯ ದರ್ಬಾರು, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ, ವಿರೋಧ ಪಕ್ಷದವರ ಬಂಧನ ಇವೂ ಇವೆ.

ಇಂದಿರಾ ಅವರನ್ನು ನೆನಪಿಸುವ ಸಿನಿಮಾಕ್ಕೆ ಗದ್ದಲ ಆಗುವುದು ಇದೇ ಮೊದಲಲ್ಲ. 1975ರಲ್ಲಿ ಗುಲ್ಜಾರ್ ಅವರ 'ಆಂಧಿ' ಬಂತು. ಅದು ಇಂದಿರಾ ಕಥೆ ಅಂತ ಎಲ್ಲೂ ಹೇಳಿಕೊಳ್ಳಲಿಲ್ಲ. ಆದರೆ ನಾಯಕಿಯ ಸೀರೆ, ಬಿಳಿ ಕೂದಲ ಎಳೆ ನೋಡಿ ಜನ ಗುರುತು ಹಿಡಿದರು. ತುರ್ತು ಪರಿಸ್ಥಿತಿಯಲ್ಲಿ ಅದರ ಪ್ರದರ್ಶನ ನಿಂತುಹೋಯಿತು. ಅಮೃತ್ ನಾಹಟಾ ಎಂಬ ಸಂಸದ ಮಾಡಿದ 'ಕಿಸ್ಸಾ ಕುರ್ಸಿ ಕಾ' ಸಿನಿಮಾದ ರೀಲುಗಳನ್ನೇ ವಶಪಡಿಸಿಕೊಂಡು ಸುಟ್ಟರು. ಆ ಕೇಸಿನಲ್ಲಿ ಸಂಜಯ್ ಗಾಂಧಿ ಮತ್ತು ಮಂತ್ರಿಯಾಗಿದ್ದ ವಿ.ಸಿ. ಶುಕ್ಲಾ ಅವರಿಗೆ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಮುಂದೆ ಸುಪ್ರೀಂ ಕೋರ್ಟ್ ಆ ಶಿಕ್ಷೆ ರದ್ದು ಮಾಡಿತು.

ಇವೆಲ್ಲ ದಿಲ್ಲಿ, ಮುಂಬೈ, ಪಂಜಾಬಿನ ಮಾತು. ನಮ್ಮ ಕಡೆ ಜಗಳದ ಬೇರು ಬೇರೆ ಇದೆ. ಅದು ಶುರುವಾಗುವುದು ಇಂದಿರಾ ಪ್ರಧಾನಿಯಾಗುವ 15 ವರ್ಷ ಮೊದಲು, ಪಕ್ಕದ ಸಾಗರ ತಾಲ್ಲೂಕಿನಲ್ಲಿ.

ಮೊದಲ ನೆನಪು: ಗದ್ದೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬೆಳೆದ ಭತ್ತವನ್ನು ಒಡೆಯರಿಗೆ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದಕ್ಕೆ ಒಕ್ಕಲೆಬ್ಬಿಸಿದರು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಶುರು ಮಾಡಿದರು. ಅವರಲ್ಲಿ ಹೆಚ್ಚಿನವರು ದೀವರು. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಜೊತೆಗೆ ಬಂದವರು ಸಮಾಜವಾದಿಗಳು. ಶಾಂತವೇರಿ ಗೋಪಾಲಗೌಡರು ಈ ಹೋರಾಟವನ್ನು ಬೆಳೆಸಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಇಲ್ಲಿ ಬಂಧನಕ್ಕೊಳಗಾದರು.

ಆಗ ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಸತ್ಯಾಗ್ರಹಿಗಳನ್ನು ಹಿಡಿದು ಜೈಲಿಗೆ ಹಾಕಿದ್ದೂ ಅದೇ ಸರ್ಕಾರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೋರಾಟ ಆಯಿತು, ಭೂಮಿ ಆಗಲಿಲ್ಲ. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು, ಆದರೆ ಅದರಲ್ಲಿ ಒಡೆಯರಿಗೆ ನುಸುಳಲಿಕ್ಕೆ ಬೇಕಾದಷ್ಟು ಗಂಡಿ ಇದ್ದವು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅವರು ಇಂದಿರಾ ಕಾಂಗ್ರೆಸ್ಸಿನವರು. ಅವರ ಸರ್ಕಾರ ಕಾಯ್ದೆಗೆ ತಂದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಕಾನೂನಿನ ಪ್ರಕಾರ ಸರ್ಕಾರದ್ದಾಯಿತು. ಉಳುವವನು ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಕೇಳಬಹುದು.

ಆ ಅರ್ಜಿಯೇ ನಮ್ಮ ಹಿರಿಯರು ಇವತ್ತಿಗೂ ಹೇಳುವ ಫಾರಂ ನಂಬರ್ 7. ಊರಲ್ಲಿ ಇದಕ್ಕೆ ಡಿಕ್ಲರೇಷನ್ ಅಂತಲೇ ಹೆಸರು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ಸ್ಥಳೀಯರು ಸದಸ್ಯರು. ಶುರುವಿನಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಅದೇ ದೊಡ್ಡ ಮಾತು. ಒಡೆಯರ ಎದುರು ನಿಂತು ಮಾತಾಡಿ ಗೊತ್ತಿಲ್ಲದವನು ಅಧಿಕಾರಿಯ ಮುಂದೆ, ತನ್ನ ಭಾಷೆಯಲ್ಲಿ, ಈ ಗದ್ದೆ ನಾನು ಇಷ್ಟು ವರ್ಷದಿಂದ ಉಳ್ತಿದ್ದೀನಿ ಅಂತ ಹೇಳಿಕೆ ಕೊಡಬಹುದಿತ್ತು. ಅಕ್ಕಪಕ್ಕದ ಗದ್ದೆಯವರು ಸಾಕ್ಷಿ. ಫಾರಂ 7 ಹಾಕಲು ಕೊನೆಯ ದಿನ ಮುಂದಕ್ಕೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿ ಬಂದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಈ ನ್ಯಾಯಮಂಡಳಿಗಳು ಜೋರಾಗಿ ಕೆಲಸ ಮಾಡಿದ ಹೊತ್ತಿಗೇ ತುರ್ತು ಪರಿಸ್ಥಿತಿ ಬಂತು. ಇಂದಿರಾ ಅವರ 20 ಅಂಶಗಳ ಕಾರ್ಯಕ್ರಮ 1975ರ ಜುಲೈನಲ್ಲಿ ಘೋಷಣೆಯಾಯಿತು. ಜೀತ ಪದ್ಧತಿ ರದ್ದಾಯಿತು. ಸಣ್ಣ ರೈತರ, ಕೂಲಿಕಾರರ ಸಾಲ ಮನ್ನಾ ಮಾಡುವ ಕಾಯ್ದೆ ಬಂತು. ಭೂಮಿ, ಸಾಲ, ಜೀತ ಮೂರೂ ಒಂದೇ ಎರಡು ವರ್ಷದಲ್ಲಿ. ಹಾಗಾಗಿ ಜನರ ನೆನಪಿನಲ್ಲಿ ಎಲ್ಲವೂ ಒಂದೇ ಹೆಸರಿಗೆ ಅಂಟಿಕೊಂಡವು. ಅಂಗಡಿ ಗೋಡೆಯ ಮೇಲೆ, ದೇವರ ಫೋಟೋ ಪಕ್ಕ ಇಂದಿರಾ ಕ್ಯಾಲೆಂಡರ್ ಬಂದದ್ದು ಹೀಗೆ.

ಇಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ತುರ್ತು ಪರಿಸ್ಥಿತಿ ಇದ್ದಿದ್ದರಿಂದಲೇ ಭೂಮಿ ಸಿಕ್ಕಿತು ಅಂತ ಈಗ ಕೆಲವರು ಬರೆಯುತ್ತಾರೆ. ತಾರೀಕು ನೋಡಿದರೆ ಅದು ನಿಲ್ಲುವುದಿಲ್ಲ. ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್. ತುರ್ತು ಪರಿಸ್ಥಿತಿ ಬಂದದ್ದು 1975ರ ಜೂನ್. ಭೂಮಿಯ ಕಾಯ್ದೆಯನ್ನು ಮಾಡಿದ್ದು ಚುನಾಯಿತ ವಿಧಾನಮಂಡಲ, ಯಾರ ಬಾಯಿಗೂ ಬೀಗ ಹಾಕದೆ.

ಎರಡನೆಯ ನೆನಪು: ಜೈಲು

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ರಾಯ್‌ಬರೇಲಿ ಗೆಲುವನ್ನು ಅಸಿಂಧು ಅಂತ ತೀರ್ಪು ಕೊಟ್ಟಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. 21 ತಿಂಗಳು ಇತ್ತು. ಪತ್ರಿಕೆಗಳಿಗೆ ಸೆನ್ಸಾರ್. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಬಂಧನ. ವಿಚಾರಣೆ ಇಲ್ಲದೆ ಒಳಗಿಡಲು ಮೀಸಾ ಎಂಬ ಕಾಯ್ದೆ.

ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಆ ಹೊತ್ತಿಗೆ ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದರು. ಜೂನ್ 26ರಂದು ಅಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಇವತ್ತು ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆ ಹಳೆಯ ಜೈಲಿನ ಜಾಗ.

ಶಿಕಾರಿಪುರದ ಮಟ್ಟಿಗೆ ಈ ನೆನಪಿಗೆ ಒಂದು ಹೆಸರಿದೆ. ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಬಿ.ಎಸ್. ಯಡಿಯೂರಪ್ಪ ಆಗ ಜನಸಂಘದ ತಾಲ್ಲೂಕು ಮುಖಂಡ. ಅವರು 45 ದಿನ ಬಳ್ಳಾರಿ ಮತ್ತು ಶಿವಮೊಗ್ಗ ಜೈಲಿನಲ್ಲಿದ್ದರು. 1983ರಲ್ಲಿ ಇದೇ ತಾಲ್ಲೂಕಿನಿಂದ ಶಾಸಕರಾದರು, ಮುಂದೆ ಮುಖ್ಯಮಂತ್ರಿಯಾದರು. ಅವರ ಪಕ್ಷದವರಿಗೆ ತುರ್ತು ಪರಿಸ್ಥಿತಿಯೆಂದರೆ ತಮ್ಮ ನಾಯಕನನ್ನು ರೂಪಿಸಿದ ಕಾಲ.

ಆದರೆ ಜೈಲಿಗೆ ಹೋದವರು ಒಂದೇ ಪಕ್ಷದವರಲ್ಲ. ಚನ್ನಗಿರಿ ಆಗ ನಮ್ಮ ಶಿವಮೊಗ್ಗ ಜಿಲ್ಲೆಗೇ ಸೇರಿತ್ತು. ಅಲ್ಲಿನ ಸಮಾಜವಾದಿ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. ಅವರನ್ನೂ ಬಂಧಿಸಿದರು.

ಇನ್ನೊಂದು ಹೆಸರು ಸ್ನೇಹಲತಾ ರೆಡ್ಡಿ. 1970ರ 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿ ಪಾತ್ರ ಮಾಡಿದವರು. ಆ ಕಥೆ ಬರೆದ ಯು.ಆರ್. ಅನಂತಮೂರ್ತಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರು. ಸ್ನೇಹಲತಾ ಮತ್ತು ಅವರ ಗಂಡ ಪಟ್ಟಾಭಿರಾಮ ರೆಡ್ಡಿ ಇಬ್ಬರೂ ಲೋಹಿಯಾ ಹಿಂದೆ ನಡೆದವರು. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿದರು. ಅವರಿಗೆ ಅಸ್ತಮಾ ಇತ್ತು. ಜೈಲಿನಲ್ಲಿ ಎಂಟು ತಿಂಗಳು ಇಟ್ಟು, ಉಸಿರಾಡಲಾರದ ಸ್ಥಿತಿಯಲ್ಲಿ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ತೀರಿಕೊಂಡರು. ಅವರು ಜೈಲಿನಲ್ಲಿ ಬರೆದ ದಿನಚರಿ ಆಮೇಲೆ ಪುಸ್ತಕವಾಯಿತು.

ಎರಡು ನೆನಪಿನ ಗಂಟು

ಈಗ ಹಿಂದಿನ ಮಾತಿಗೆ ಬರೋಣ. ಕಾಗೋಡಿನಲ್ಲಿ ಉಳುವವನಿಗೆ ಭೂಮಿ ಬೇಕು ಅಂತ ಜೈಲಿಗೆ ಹೋದದ್ದು ಸಮಾಜವಾದಿಗಳು. ಅವರನ್ನು ಬಂಧಿಸಿದ್ದು ಕಾಂಗ್ರೆಸ್ ಸರ್ಕಾರ. ಇಪ್ಪತ್ತಮೂರು ವರ್ಷದ ಮೇಲೆ ಅದೇ ಬೇಡಿಕೆಯನ್ನು ಕಾಯ್ದೆ ಮಾಡಿ ಕೊಟ್ಟದ್ದು ಇನ್ನೊಂದು ಕಾಂಗ್ರೆಸ್ ಸರ್ಕಾರ. ಅದಾಗಿ ಒಂದು ವರ್ಷಕ್ಕೆ ಅದೇ ಪಕ್ಷದ ಪ್ರಧಾನಿ ಅದೇ ಸಮಾಜವಾದಿಗಳನ್ನು ಮತ್ತೆ ಜೈಲಿಗೆ ಕಳಿಸಿದರು. ಗೋಪಾಲಗೌಡರು ಇದು ಯಾವುದನ್ನೂ ನೋಡಲಿಲ್ಲ. ಅವರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು.

ಸೊರಬದಲ್ಲೂ ಈ ಗಂಟು ಕಾಣುತ್ತದೆ. ಕುಬಟೂರಿನ ಎಸ್. ಬಂಗಾರಪ್ಪ 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಗೆದ್ದರು. ಮುಂದೆ ಕಾಂಗ್ರೆಸ್ ಸೇರಿ ಮಂತ್ರಿಯಾದರು, 1990ರಲ್ಲಿ ಮುಖ್ಯಮಂತ್ರಿಯಾದರು. ಭೂಮಿಯ ಹೋರಾಟದ ಮನೆಯಿಂದ ಬಂದವರೇ ಕೆಲವರು ಇಂದಿರಾ ಪಕ್ಷದೊಳಗೆ ಹೋದರು, ಕೆಲವರು ಅವರ ಜೈಲಿಗೆ ಹೋದರು.

ಹಾಗಾಗಿ ಚಹಾ ಅಂಗಡಿಯಲ್ಲಿ ಜಗಳಾಡುವ ಆ ಇಬ್ಬರು ಹಿರಿಯರು ಎರಡು ಕಥೆ ಹೇಳುತ್ತಿಲ್ಲ. ಒಂದೇ ಕಥೆಯ ಎರಡು ತುದಿ ಹಿಡಿದು ಎಳೆಯುತ್ತಿದ್ದಾರೆ. ಗದ್ದೆ ಸಿಕ್ಕವನಿಗೆ ಆ ಗದ್ದೆಗಾಗಿ ಮೊದಲು ಲಾಠಿ ತಿಂದವರು ಯಾರು ಅಂತ ಮರೆತಿರಬಹುದು. ಜೈಲನ್ನು ನೆನಪಿಡುವವನಿಗೆ ಅದೇ ದಿನಗಳಲ್ಲಿ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಫಾರಂ 7 ಹಿಡಿದು ಕೂತಿದ್ದವರ ಮುಖ ಮರೆತಿರಬಹುದು.

ಜನ ಮತದಲ್ಲಿ ಹೇಳಿದ್ದು

ಸಿನಿಮಾಕ್ಕೆ ಜನರ ಪ್ರತಿಕ್ರಿಯೆ ಬರುವುದು ಈಗ. ಇಂದಿರಾ ಅವರಿಗೇ ನೇರವಾಗಿ ಜನ ಪ್ರತಿಕ್ರಿಯೆ ಕೊಟ್ಟದ್ದು 1977ರ ಮಾರ್ಚ್‌ನಲ್ಲಿ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಬಿಹಾರದ 54ರಲ್ಲಿ ಒಂದೂ ಇಲ್ಲ. ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ ಬಂದವು.

1978ರಲ್ಲಿ ಇಂದಿರಾ ಅವರಿಗೆ ಸಂಸತ್ತಿಗೆ ಮರಳಲು ಒಂದು ಕ್ಷೇತ್ರ ಬೇಕಾಯಿತು. ನಮ್ಮ ಪಕ್ಕದ ಜಿಲ್ಲೆಯ ಚಿಕ್ಕಮಗಳೂರಿಗೆ ಬಂದರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ಎದುರು ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು, ಅವರ ಪರ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್. ನವೆಂಬರ್‌ನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 1979ರಲ್ಲಿ ಅರಸು ಅವರೇ ಇಂದಿರಾ ಅವರಿಂದ ದೂರವಾದರು. ಆದರೂ 1980ರಲ್ಲಿ ಕರ್ನಾಟಕದ 28ರಲ್ಲಿ 27 ಇಂದಿರಾ ಪಕ್ಷಕ್ಕೇ ಬಂದವು. ಕಾಯ್ದೆ ಮಾಡಿದ ಅರಸು ಪಕ್ಷಕ್ಕೆ ಒಂದೂ ಸಿಗಲಿಲ್ಲ.

ಇದರ ಅರ್ಥ ಏನು? ಕರ್ನಾಟಕದ ಜನ ತುರ್ತು ಪರಿಸ್ಥಿತಿಯನ್ನು ಒಪ್ಪಿದರು ಅಂತ ಕೆಲವರು ಹೇಳುತ್ತಾರೆ. ಅಷ್ಟು ಸುಲಭವಾಗಿ ಹೇಳಲಾಗದು. ಪತ್ರಿಕೆಗೆ ಸೆನ್ಸಾರ್ ಇದ್ದಾಗ ಬೆಂಗಳೂರಿನ ಜೈಲಿನಲ್ಲಿ ಯಾರು ಉಸಿರುಗಟ್ಟಿ ಮಲಗಿದ್ದಾರೆ ಅನ್ನುವುದು ಸೊರಬದ ಹಳ್ಳಿಗೆ ತಿಳಿಯುವ ದಾರಿ ಇರಲಿಲ್ಲ. ಬಲವಂತದ ಶಸ್ತ್ರಚಿಕಿತ್ಸೆಯ ಭಯ ಉತ್ತರದ ಹಳ್ಳಿಗಳಲ್ಲಿ ಕುದಿಯುತ್ತಿದ್ದಾಗ ಇಲ್ಲಿನ ಮನೆಗಳಲ್ಲಿ ಭೂ ನ್ಯಾಯಮಂಡಳಿಯ ನೋಟಿಸು ಓದಿಸಿಕೊಳ್ಳುತ್ತಿದ್ದರು. ಜನ ತಮ್ಮ ಕಣ್ಣಿಗೆ ಕಂಡದ್ದಕ್ಕೆ ಮತ ಹಾಕಿದರು. ಕಾಣದಂತೆ ಮುಚ್ಚಿಟ್ಟದ್ದಕ್ಕೆ ಮತ ಹಾಕಲು ಬರುವುದಿಲ್ಲ.

ಎರಡೂ ಕಡೆಯವರು ಬಿಟ್ಟದ್ದು

ಈ ಎರಡು ನೆನಪಿನ ಆಚೆಗೂ ಜನ ಇದ್ದಾರೆ. ಅವರ ಹೆಸರು ಹೊಗಳುವವರ ಬಾಯಲ್ಲೂ ಬರುವುದಿಲ್ಲ, ಬೈಯುವವರ ಬಾಯಲ್ಲೂ ಬರುವುದಿಲ್ಲ.

ಗಂಡ ತೀರಿಕೊಂಡು, ಇದ್ದ ಎರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರ ಭತ್ತದಲ್ಲೇ ಬದುಕುತ್ತಿದ್ದ ಹೆಂಗಸರ ಭೂಮಿಯೂ ಹೋಯಿತು. ಅವರನ್ನೂ ದೊಡ್ಡ ಜಮೀನ್ದಾರರನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗಿತು. ಪರಿಹಾರ ಅಂತ ಬಂದದ್ದು ತೀರಾ ಕಡಿಮೆ.

ಇನ್ನೊಂದು ಕಡೆ, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಫಾರಂ 7 ಹಾಕಲು ಯಾವ ಗದ್ದೆಯೂ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ದಲಿತರು. ಉಳುವವನೇ ಹೊಲದೊಡೆಯ ಅಂದರು. ಒಡೆಯನ ಗದ್ದೆಯಲ್ಲಿ, ಒಡೆಯನ ಎತ್ತಿನಲ್ಲಿ, ದಿನಗೂಲಿಗೆ ಉತ್ತವನು ಆ ಮಾತಿನ ಒಳಗೆ ಬರಲಿಲ್ಲ. ಎಷ್ಟೋ ಮಂದಿ ಆಮೇಲೆ ಸರ್ಕಾರಿ ಜಾಗದಲ್ಲಿ ಬಗರ್ ಹುಕುಂ ಸಾಗುವಳಿ ಮಾಡಿ, ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರ ಮಟ್ಟಿಗೆ ಕಾಗೋಡಿನ ಕೆಲಸ ಇನ್ನೂ ಮುಗಿದಿಲ್ಲ.

ಎರಡೂವರೆ ಗಂಟೆಯ ಹಿಂದಿ ಸಿನಿಮಾದಿಂದ ಇಷ್ಟೆಲ್ಲ ಕೇಳುವುದು ತಪ್ಪು. ಅದು ದಿಲ್ಲಿಯ ಕುರ್ಚಿಯ ಕಥೆ. ಶಾಂತಿವರ್ಮನ ಕಂಬವೂ ಕುರ್ಚಿಯ ಕಥೆಯೇ. ಕಂಬಕ್ಕೆ ಎದುರಾಗಿ ಇನ್ನೊಂದು ಕಂಬ ನಿಲ್ಲಿಸುವ ಶಕ್ತಿ ಕಾಳು ಕೊಟ್ಟ ಹಳ್ಳಿಯವರಿಗೆ ಇರಲಿಲ್ಲ. ಅವರ ಮಾತು ಅವರ ಜೊತೆಗೇ ಹೋಯಿತು.

ನಮ್ಮ ಸ್ಥಿತಿ ಅಷ್ಟು ಕೆಟ್ಟಿಲ್ಲ. 1975ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು. ನ್ಯಾಯಮಂಡಳಿಯ ಮುಂದೆ ಅಪ್ಪನ ಜೊತೆ ನಿಂತವರು, ಒಡೆಯರ ಮನೆಯಿಂದ ಸಾಕ್ಷಿ ಹೇಳಲು ಬಂದವರು, ಪೊಲೀಸರು ಹುಡುಕುತ್ತಾರೆ ಅಂತ ರಾತ್ರಿ ಬೇರೆಯವರ ಅಟ್ಟದಲ್ಲಿ ಮಲಗಿದವರು ಇನ್ನೂ ಊರಲ್ಲಿ ಸಿಗುತ್ತಾರೆ. ಹತ್ತು ವರ್ಷ ಬಿಟ್ಟರೆ ಸಿಗುವುದಿಲ್ಲ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭ. ಹಳೆಯ ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ ಮಡಚಿಟ್ಟ ಕಾಗದ ಇದ್ದರೆ ತೆಗೆದು ನೋಡಿ. ಫಾರಂ 7ರ ಸ್ವೀಕೃತಿ, ನ್ಯಾಯಮಂಡಳಿಯ ಆದೇಶ, ಫಾರಂ 10 ಎಂಬ ಅಧಿಭೋಗದಾರಿಕೆ ಪತ್ರ, ಯಾವುದಾದರೂ ಇರಬಹುದು. ಇಲ್ಲದಿದ್ದರೆ ಸರ್ವೆ ನಂಬರ್ ಕೊಟ್ಟು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆದೇಶದ ನಕಲು ಕೇಳಬಹುದು. ಅದರಲ್ಲಿ ಗೇಣಿದಾರನ ಹೆಸರಿನ ಜೊತೆ ಭೂಮಿ ಕಳೆದುಕೊಂಡವರ ಹೆಸರೂ ಇರುತ್ತದೆ. ಎರಡನ್ನೂ ಓದಿ.

ನಾಳೆ ಯಡಿಯೂರಪ್ಪನವರ ಮೇಲೋ ಬಂಗಾರಪ್ಪನವರ ಮೇಲೋ ಸಿನಿಮಾ ಬರಬಹುದು. ಒಂದು ಪಕ್ಷದವರು ಶಿಳ್ಳೆ ಹೊಡೆಯುತ್ತಾರೆ, ಇನ್ನೊಂದು ಪಕ್ಷದವರು ಸುಳ್ಳು ಅನ್ನುತ್ತಾರೆ. ಬಂದರೆ ನಾವೂ ನೋಡೋಣ. ನೋಡಿ ಬಂದ ಮೇಲೆ ಮಾತಾಡಲಿಕ್ಕೆ ನಮ್ಮ ಕೈಯಲ್ಲಿ ನಮ್ಮೂರಿನದೇ ನಾಲ್ಕು ಕಾಗದ, ನಾಲ್ಕು ಜನರ ಮಾತು ಬರೆದಿಟ್ಟದ್ದು ಇದ್ದರೆ, ಚಹಾ ಅಂಗಡಿಯ ಜಗಳ ಸ್ವಲ್ಪ ಬೇರೆ ರೀತಿ ನಡೆದೀತು.

ತಾಳಗುಂದದ ಕಂಬ ಹೇಗೂ ಅಲ್ಲೇ ಇದೆ. ಶಿರಾಳಕೊಪ್ಪದ ಕಡೆ ಹೋದಾಗ ಒಮ್ಮೆ ನಿಂತು ನೋಡಿ. ಮಕ್ಕಳು ಜೊತೆಗಿದ್ದರೆ ಮಯೂರನ ಕಥೆ ಹೇಳಿ. ಅದನ್ನು ಬರೆಸಿದ್ದು ಯಾರು ಅನ್ನುವುದನ್ನೂ ಹೇಳಿ.